ಅಪ್ಪನ ದವಡೆಗೆ ಬರೆದ ಹೊಸ ಆಜ್ಞೆ

ತಿಪಟೂರಿನ ನಮ್ಮ ಕಾಲೇಜಿನಲ್ಲಿ ಆ ವರ್ಷ ಚರ್ಚಾಸ್ಪರ್ಧೆಗೆ ಇಟ್ಟ ವಿಷಯ ‘ಮನುಷ್ಯನ ಮನಸ್ಸು ಒಂದು ಕಂಪ್ಯೂಟರ್’ ಎಂಬುದು. ಎಂಬತ್ತರ ದಶಕದ ನಡುವಿನ ಮಾತು. ಸಭಾಂಗಣದಲ್ಲಿ ಕೂತಿದ್ದ ಒಬ್ಬರೂ ಕಂಪ್ಯೂಟರನ್ನು ಕಣ್ಣಾರೆ ಕಂಡವರಲ್ಲ, ತೀರ್ಪುಗಾರರನ್ನೂ ಸೇರಿಸಿ. ಪತ್ರಿಕೆಯಲ್ಲಿ ಬಂದಿದ್ದ, ಬೀರುವಿನಂಥ ಒಂದು ಯಂತ್ರದ ಚಿತ್ರವೇ ಎಲ್ಲರಿಗೂ ಆಧಾರ. ಮನಸ್ಸನ್ನೂ ಯಾರೂ ಕಂಡವರಲ್ಲ. ಹೀಗೆ ಕಾಣದ್ದನ್ನು ಕಾಣದ್ದಕ್ಕೆ ಹೋಲಿಸಿ ಮಾತಾಡಿದವನಿಗೆ ಸ್ಟೀಲಿನ ತಟ್ಟೆ ಬಹುಮಾನ. ವಿರೋಧಿಸಲು ನನಗೆ ಹೇಳಿ ಮಾಡಿಸಿದ ವಿಷಯ. ವಾರದ ಮುಂಚೆ ಚೀಟಿ ಎತ್ತಿದಾಗ ಬಂದದ್ದು ಮಾತ್ರ ‘ಪರ’.

ಚರ್ಚೆಯಲ್ಲಿ ಪಳಗಿದವನಿಗೆ ಅದೊಂದು ತೊಡಕೇ ಅಲ್ಲ. ಅಭ್ಯಾಸವೆಂದರೆ ಮನಸ್ಸಿನೊಳಗೆ ಯಾವತ್ತೋ ಬರೆದಿಟ್ಟ ಒಂದು ಆಜ್ಞೆ, ಸಂದರ್ಭವೆಂಬ ಗುಂಡಿ ಒತ್ತಿದರೆ ಅದು ತಾನಾಗಿ ಓಡುತ್ತದೆ ಎಂದೆ. ಯಂತ್ರಕ್ಕೆ ಬುದ್ಧಿವಾದ ಹೇಳಿ, ಬೈದು, ಆಣೆ ಹಾಕಿಸಿ ಪ್ರಯೋಜನವಿಲ್ಲ, ಹಳೆಯ ಆಜ್ಞೆಯ ಮೇಲೆ ಹೊಸದನ್ನು ಬರೆಯಿರಿ, ಗುಂಡಿ ಅದೇ ಇರಲಿ, ಓಡುವುದು ಮಾತ್ರ ಬೇರೆಯಾಗಲಿ ಎಂದೆ. ಚಪ್ಪಾಳೆ ಬಿತ್ತು, ತಟ್ಟೆಯೂ ಬಂತು. ಊರಿಗೆ ಬರುವ ಬಸ್ಸಿನಲ್ಲಿ ನನ್ನ ಭಾಷಣವನ್ನು ನಾನೇ ಮನಸ್ಸಿನಲ್ಲಿ ಸೀಳಿ ಹಾಕಿದೆ. ಬರೆಯುವವನು ಯಾರು? ಬರೆಯುವವನೂ ಯಂತ್ರದೊಳಗೇ ಇದ್ದರೆ ಅವನಿಗೆ ಆಜ್ಞೆ ಕೊಟ್ಟವರು ಯಾರು? ಎದುರಾಳಿ ಇಷ್ಟು ಕೇಳಿದ್ದರೆ ನಾನು ಅಲ್ಲೇ ಕೂರಬೇಕಿತ್ತು. ಅವನು ಆತ್ಮ ಪರಮಾತ್ಮ ಅಂತ ಹೋಗಿಬಿಟ್ಟ.

ಕಿಬ್ಬನಹಳ್ಳಿಯಲ್ಲಿ ಇಳಿದು ತುರುವೇಕೆರೆ ಬಸ್ಸು ಹಿಡಿದರೆ ದಾರಿಯಲ್ಲಿ ನಮ್ಮೂರು. ಆ ಭಾಷಣವನ್ನು ನಾನು ಹಿತ್ತಲಿನಲ್ಲಿ ನಿಂತು ಉರು ಹೊಡೆಯುವಾಗ ಅವ್ವ ಪಾತ್ರೆ ಉಜ್ಜುತ್ತ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡದ್ದು ಯಾವುದನ್ನೂ ಅವಳು ಹಾಳು ಮಾಡುವವಳಲ್ಲ.

ಅದೇ ತಿಂಗಳು ಅಪ್ಪನ ಬಾಯಿ ಸುದ್ದಿಗೆ ಬಂತು. ಖಾರ ತಿಂದರೆ ಉರಿ ಎನ್ನುತ್ತಿದ್ದವನನ್ನು ತಿಪಟೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಟಾರ್ಚು ಹಾಕಿ ಎಡಗೆನ್ನೆಯ ಒಳಗಡೆ ನೋಡಿದರು. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ. ‘ಇವತ್ತೇ ಬಿಟ್ಟರೆ ಇದು ಹೋಗಬಹುದು. ಬಿಡದಿದ್ದರೆ ಮುಂದಿನ ಸಲ ನಾನು ನೋಡೋದಲ್ಲ, ಬೆಂಗಳೂರಿನವರು ನೋಡ್ತಾರೆ’ ಅಂದರು. ನಮ್ಮ ಕಡೆ ಬೆಂಗಳೂರಿಗೆ ಬಾಯಿ ತೋರಿಸಲು ಹೋದವರು ಹೇಗೆ ವಾಪಸ್ಸು ಬರುತ್ತಿದ್ದರು ಎಂಬುದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಪ್ಪ ಬಿಡಲು ಒಪ್ಪಿದ. ಹಿಂದೆಯೂ ಒಪ್ಪಿದ್ದವನೇ. ದೇವರ ಮುಂದೆ ಆಣೆ ಮಾಡಿ ಒಂದು ವಾರ, ಅವ್ವನ ತಲೆಯ ಮೇಲೆ ಕೈಯಿಟ್ಟು ನಾಲ್ಕು ದಿನ. ಈ ಸಲ ಅವ್ವ ನೇರವಾಗಿ ನನ್ನನ್ನು ಹಿಡಿದಳು.

‘ಅದೇನೋ ಮಿಸೀನು, ಬರೀಬೇಕು ಅಂತ ಬಡ್ಕಂತಿದ್ಯಲ್ಲ, ಅದುನ್ನ ನಿಮ್ಮಪ್ಪಂಗೆ ಮಾಡು.’

‘ಅವ್ವಾ, ಅದು ಚರ್ಚೆಗೆ ಹೇಳಿದ್ದು.’

‘ತಟ್ಟೆ ಕೊಟ್ರಲ್ಲ? ಸುಳ್ಳಿಗೆ ಯಾರ್ಲಾ ತಟ್ಟೆ ಕೊಡ್ತಾರೆ?’

ಸುಳ್ಳಿಗೇ ಹೆಚ್ಚು ತಟ್ಟೆ ಸಿಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳುವ ಚೈತನ್ಯ ನನಗಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ನಂಬದ ವಿದ್ಯೆಯನ್ನು ಕೈಗೆತ್ತಿಕೊಂಡು ಅಪ್ಪನ ಹಿಂದೆ ಬಿದ್ದೆ.

ಮೊದಲ ಕೆಲಸ ಗುಂಡಿ ಯಾವುದೆಂದು ಪತ್ತೆ ಮಾಡುವುದು. ಅಪ್ಪನ ಕೈ ಸೊಂಟದ ಚೀಲಕ್ಕೆ ಯಾವಾಗ ಹೋಗುತ್ತದೆ ಎಂದು ನೋಡುತ್ತ ಕೂತೆ. ಊಟವಾದ ಮೇಲೆ ಹೋಗುತ್ತಿತ್ತು, ಯಾರಾದರೂ ಜಗಲಿಗೆ ಬಂದು ಕೂತರೆ ಹೋಗುತ್ತಿತ್ತು. ಅವೆಲ್ಲ ಸಣ್ಣವು. ದೊಡ್ಡ ಗುಂಡಿ ಇದ್ದದ್ದು ಅಟ್ಟದ ಮೇಲೆ.

ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಕುಲುಕಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು ಒಡೆಯುವುದು. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ತಿಳಿಯಲು ಇರುವುದು ಕಿವಿಯೊಂದೇ. ಅಪ್ಪ ಅಟ್ಟದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕಾಯಿಯನ್ನು ಕಿವಿಯ ಹತ್ತಿರ ತಂದು ಒಂದೇ ಸಲ ಕುಲುಕುತ್ತಿದ್ದ, ಎಡಕ್ಕೋ ಬಲಕ್ಕೋ ಉರುಳಿಸುತ್ತಿದ್ದ. ದವಡೆಯಲ್ಲಿ ಹೊಗೆಸೊಪ್ಪು ಇರುತ್ತಿತ್ತು. ಬಾಯಿ ಆಡುತ್ತಿರಲಿಲ್ಲ, ಕಣ್ಣು ಎಲ್ಲೂ ಇರುತ್ತಿರಲಿಲ್ಲ. ಊರಿನಲ್ಲಿ ನಾಲ್ಕು ಮನೆಯವರು ತಮ್ಮ ಅಟ್ಟ ನೋಡಲು ಅವನನ್ನೇ ಕರೆಯುತ್ತಿದ್ದರು. ಬೇರೆ ಯಾವುದಕ್ಕೂ ಯಾರೂ ಅವನನ್ನು ಕರೆದದ್ದು ನನಗೆ ನೆನಪಿಲ್ಲ.

ಹೊಸ ಆಜ್ಞೆ ನಾನೇ ಗೊತ್ತು ಮಾಡಿದೆ. ಚೀಲದಲ್ಲಿ ಹೊಗೆಸೊಪ್ಪಿನ ಬದಲು ಕೊಬ್ಬರಿ ಚೂರು. ಕೈ ಚೀಲಕ್ಕೆ ಹೋಗಲಿ, ತಡೆಯಬೇಡ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೋ.

‘ಮಾರೋ ಕೊಬ್ರೀನ ಮೆಲ್ಕಂಡು ಕೂರಾಕೆ ನಾನೇನ್ಲಾ ಬಸುರಿ ಹೆಂಗ್ಸಾ?’ ಅಂದ ಅಪ್ಪ. ಕೊಬ್ಬರಿ ಬೆಳೆಯುವ ಮನೆಯಲ್ಲಿ ಒಳ್ಳೆಯ ಕೊಬ್ಬರಿ ತಿನ್ನುವ ಪದ್ಧತಿ ಇಲ್ಲ. ಒಡೆಯುವಾಗ ಚೂರಾದದ್ದು, ಮುಕ್ಕಾದದ್ದು ಅಡುಗೆಮನೆಗೆ, ಉಳಿದದ್ದು ಮಾರುವ ಮೂಟೆಗೆ.

‘ಮುಕ್ಕಾದದ್ದೇ ತಿನ್ನಪ್ಪ. ನಾಲಿಗೆಗೆ ಏನು ಗೊತ್ತಾಗುತ್ತೆ?’

‘ನಾಲ್ಗೆಗೆ ಎಲ್ಲಾ ಗೊತ್ತಾಗ್ತದೆ ಕಣ್ಲಾ. ಅದ್ಕೇ ಅಲ್ವಾ ಈ ಗತಿ.’

ಆದರೂ ಮಾಡಿದ. ನಾನು ನಂಬದೆ ಕೊಟ್ಟ ಆಜ್ಞೆಯನ್ನು ಅವನು ನಂಬದೆಯೇ ನಡೆಸಿದ. ಅಚ್ಚರಿಯೆಂದರೆ ಅದು ನಡೆಯಿತು. ಊಟದ ಮೇಲೆ ಕೊಬ್ಬರಿ, ಜಗಲಿಯಲ್ಲಿ ಕೊಬ್ಬರಿ, ಅಟ್ಟದಲ್ಲೂ ಕೊಬ್ಬರಿ. ಎರಡು ವಾರ ಕಳೆದ ಮೇಲೆ ಹೊಗೆಸೊಪ್ಪು ಕೇಳುವುದನ್ನೇ ನಿಲ್ಲಿಸಿದ. ಅವ್ವ ಬಾವಿಯ ಹತ್ತಿರ ನಾಲ್ಕು ಜನಕ್ಕೆ ನನ್ನ ಮಿಸೀನಿನ ವಿಷಯ ಹೇಳಿ ಬಂದಳು. ನನಗೂ ಒಂದು ಗಳಿಗೆ ಅನುಮಾನ ಬಂತು, ನಾನು ಗೆದ್ದದ್ದು ನಿಜವಾದ ವಾದವೇ ಇರಬಹುದೇನೋ ಎಂದು. ಅನುಮಾನದ ಮೇಲೆ ಅನುಮಾನ ಪಡುವುದು ನನ್ನಂಥವನಿಗೆ ಸುಖದ ಸಂಗತಿ. ಅದು ಹೆಚ್ಚು ದಿನ ಉಳಿಯಲಿಲ್ಲ.

ಕಾಯಿ ಸುಲಿಯಲು ಪ್ರತಿ ವರ್ಷ ಹಂದನಕೆರೆ ಕಡೆಯಿಂದ ಒಬ್ಬ ಬರುತ್ತಿದ್ದ, ಮಾತಿನಲ್ಲಿ ಯಾರನ್ನೂ ಬಿಡದ ಆಸಾಮಿ. ಅಪ್ಪ ಆರಿಸಿ ಇಳಿಸಿದ ಕಾಯಿಗಳನ್ನು ಸುಲಿದು, ಅಂಗಳದಲ್ಲಿ ಕೂತು ಮಚ್ಚಿನ ಬೆನ್ನಿನಿಂದ ಚಿಪ್ಪು ಒಡೆಯುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿ ಕೈ ಒರೆಸಿಕೊಂಡ. ಬೆರಳೆಲ್ಲ ಒದ್ದೆ.

‘ಯಜಮಾನ್ರೇ, ಈ ಸತಿ ಕೊಬ್ರಿ ಬುಟ್ಟು ಎಳನೀರು ವ್ಯಾಪಾರ ಹಿಡುದ್ರಾ?’

ಅಪ್ಪ ನಗಲಿಲ್ಲ. ಹತ್ತಿರ ಹೋಗಿ ಕೂತ. ಮುಂದಿನದೂ ಹಸಿ. ಆಮೇಲಿನ ಎರಡು ಚೆನ್ನಾಗಿ ಬಂದವು, ಮತ್ತೊಂದು ಹಸಿ. ಚಿಪ್ಪಿಗೆ ಕಚ್ಚಿಕೊಂಡಿದ್ದ ಕೊಬ್ಬರಿ ಉಂಡೆಯಾಗಿ ಬರದೆ ಹೋಳು ಹೋಳಾಗಿ ಎದ್ದಿತು. ಹೊರಗೆ ಇಟ್ಟರೆ ಬೂಷ್ಟು ಹಿಡಿಯುತ್ತದೆ, ವಾಪಸ್ಸು ಅಟ್ಟಕ್ಕೆ ಹಾಕುವಂತಿಲ್ಲ. ಇನ್ನೂ ಮೂರು ತಿಂಗಳು ಬಿಟ್ಟಿದ್ದರೆ ಮೊದಲ ದರ್ಜೆಯಾಗಬೇಕಿದ್ದ ಕಾಯಿಗಳವು. ಸುಲಿಯುವವನೂ ಆಮೇಲೆ ತಮಾಷೆ ಮಾಡಲಿಲ್ಲ.

ಕಾರಣ ಹೇಳಿದವನು ಅಪ್ಪನೇ. ಸಾಯಂಕಾಲ ಜಗಲಿಯಲ್ಲಿ ಕೂತು, ಯಾರನ್ನೂ ನೋಡದೆ ಅಂದ: ‘ಕೊಬ್ರಿ ಅಗೀತಿದ್ರೆ ಕಿವಿಯೊಳಗೆ ಬರೀ ನಂದೇ ಬಾಯಿ ಕೇಳುಸ್ತೈತೆ. ಸೊಪ್ಪು ಹಂಗಲ್ಲ. ಅದು ಸುಮ್ಕೆ ಕೂತಿರ್ತದೆ.’

ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಅಗಿಯುವುದು ಬೇಡ, ಒಂದು ಲವಂಗ ಇಟ್ಟುಕೋ ಎಂದೆ. ಇಟ್ಟುಕೊಂಡ. ಆಗಲಿಲ್ಲ. ಏನೂ ಬೇಡ, ಬಾಯಿ ಬರಿದಾಗಿ ಬಿಡು ಎಂದೆ. ಬಿಟ್ಟ. ಆಗಂತೂ ಇನ್ನೂ ಕಷ್ಟ. ಒಂದೇ ಸಲ ಕುಲುಕುತ್ತಿದ್ದವನು ಮೂರು ಸಲ ಕುಲುಕಿ, ಎಡಕ್ಕೆ ಉರುಳಿಸಿ, ಮತ್ತೆ ಕೈ ಚಾಚಿ ಎತ್ತಿಕೊಳ್ಳುತ್ತಿದ್ದ. ಅಟ್ಟದ ಏಣಿಯಲ್ಲಿ ನಿಂತು ನಾನು ನೋಡಿದೆ. ನಾಲಿಗೆ ಎಡಗೆನ್ನೆಯನ್ನು ಒಳಗಿನಿಂದ ಹುಡುಕುತ್ತಿತ್ತು, ಕಾಯಿ ಕಿವಿಯ ಹತ್ತಿರ ಕಾದಿತ್ತು. ಸೊಪ್ಪು ಹಾಕುವುದು, ಕಾಯಿ ಕೇಳುವುದು ಎರಡನ್ನೂ ಅಪ್ಪ ಒಂದೇ ವಯಸ್ಸಿನಲ್ಲಿ ಕಲಿತದ್ದು, ಒಂದೇ ಅಟ್ಟದಲ್ಲಿ, ತನ್ನ ಅಪ್ಪನ ಪಕ್ಕ ಕೂತು. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಲು ಅವು ಬೀರುವಿನ ಬೇರೆ ಬೇರೆ ಖಾನೆಯಲ್ಲಿ ಇರಲಿಲ್ಲ. ನನ್ನ ಎದುರಾಳಿ ಎತ್ತಬೇಕಿದ್ದ ಆಕ್ಷೇಪಣೆ ಇದೇ ಎಂದು ಈಗ ತಿಳಿಯಿತು. ತಿಳಿದು ಖುಷಿಯೇನೂ ಆಗಲಿಲ್ಲ.

ಆ ವಾರದಲ್ಲೇ ನೆರೆಮನೆಯವರು ತಮ್ಮ ಅಟ್ಟಕ್ಕೆ ಬೇರೆಯವರನ್ನು ಕರೆದರು. ನಮಗೆ ಹೇಳಿಯೇ ಕರೆದರು, ಅದೇ ಹೆಚ್ಚು ನೋಯಿಸಿತು. ಮಾರನೆಯ ಬೆಳಿಗ್ಗೆ ಅಪ್ಪ ಅಟ್ಟದಿಂದ ಇಳಿಯುವಾಗ ಬಾಯಿಂದ ಹೊಗೆಸೊಪ್ಪಿನ ವಾಸನೆ ಬಂತು. ಅವ್ವ ಏಣಿಯ ಬುಡದಲ್ಲೇ ನಿಂತಿದ್ದಳು.

‘ಹಾಕ್ಕಂಡ್ರಾ?’

‘ಹಾಕ್ಕಂಡೆ. ಎರಡು ಸಾಲು ಮುಗ್ಸಿದೀನಿ. ಒಡ್ಸಿ ನೋಡು, ಒಂದು ಹಸಿ ಬಂದ್ರೆ ಕೇಳು.’

‘ಆ ಡಾಕ್ಟ್ರು ಏನಂದ್ರು?’

‘ಬಾಯಿ ಉಳುಸ್ಕಂಡು ಮನೇಲಿ ಕೂತು ಏನ್ ಮಾಡ್ಲೇ? ನೊಣ ಹೊಡೀಲಾ?’ ಆಮೇಲೆ ನನ್ನ ಕಡೆ ತಿರುಗಿದ. ‘ನೀನೇ ಹೇಳ್ಲಾ. ಎರಡು ಕಡೇನೂ ಮಾತಾಡೋನಲ್ವಾ ನೀನು. ಅಟ್ಟ ಉಳುಸ್ಕಳ್ಲಾ, ಬಾಯಿ ಉಳುಸ್ಕಳ್ಲಾ?’

ಎರಡು ಕಡೆಯ ವಾದವೂ ನನಗೆ ಬರುತ್ತಿತ್ತು.

ಮಾತಾಡಿದವಳು ಅವ್ವ. ‘ಅವನ್ನೇನ್ ಕೇಳ್ತೀರಾ? ಅಟ್ಟ ನಾನು ಹತ್ತುತೀನಿ. ಇಷ್ಟು ವರ್ಷ ಕೆಳಗೆ ಒಲೆ ಮುಂದೆ ಕೂತು ನಿಮ್ಮ ಗಡಗಡ ಕೇಳಿ ತಲೆ ಕೆಟ್ಟೈತೆ. ನೀವು ಕೆಳಗಿಳೀರಿ.’

‘ನಿಂಗೇನೇ ಗೊತ್ತಾಗ್ತದೆ?’

‘ಗೊತ್ತಾಗ್ದಿದ್ರೆ ಕೆಡ್ತದೆ. ಕೊಬ್ರಿ ತಾನೆ ಕೆಡೋದು.’

ಅಪ್ಪ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ.

ಅವ್ವನ ಕಿವಿ ಅಪ್ಪನ ಕಿವಿಯಾಗಲಿಲ್ಲ. ಅನುಮಾನ ಬಂದದ್ದನ್ನೆಲ್ಲ ಅವಳು ಹಿಂದಕ್ಕೆ ಉರುಳಿಸುತ್ತಿದ್ದಳು, ಹೆಚ್ಚಿನವಕ್ಕೆ ಬರುವುದೇ ಅನುಮಾನ. ಆ ವರ್ಷ ನಮ್ಮ ಮನೆಯಿಂದ ಕೊಬ್ಬರಿ ಸ್ವಲ್ಪವೇ ಹೊರಟಿತು, ಕೆಟ್ಟು ಹೋದದ್ದು ಮಾತ್ರ ಇಲ್ಲ. ಅಪ್ಪ ತೋಟದ ಕೆಲಸ ನೋಡಿಕೊಂಡ. ಮೇಲಿನಿಂದ ಕಾಯಿ ಕುಲುಕುವ ಸದ್ದು ಶುರುವಾದರೆ ಟವಲು ಹೆಗಲಿಗೆ ಹಾಕಿ ಎದ್ದು ಹೋಗುತ್ತಿದ್ದ, ಬಿಸಿಲಿದ್ದರೂ. ಹೊಗೆಸೊಪ್ಪು ಮುಟ್ಟಲಿಲ್ಲ. ಮನೆಯಲ್ಲಿ ಅದರ ಬಗ್ಗೆ ಯಾರೂ ಮೆಚ್ಚುಗೆಯ ಮಾತಾಡಲಿಲ್ಲ. ಮೆಚ್ಚಿದರೆ ಅವನು ಬಿಟ್ಟುಕೊಟ್ಟ ಇನ್ನೊಂದರ ಮಾತೂ ಬರುತ್ತಿತ್ತು.

ಮುಂದಿನ ಸಲ ಡಾಕ್ಟರು ಟಾರ್ಚು ಹಾಕಿ ನೋಡಿ, ಮಚ್ಚೆ ಅರ್ಧಕ್ಕಿಂತ ಮಾಸಿದೆ ಎಂದರು. ‘ಹೇಗೆ ಬಿಟ್ಟಿರಿ?’ ಎಂದು ಕೇಳಿದರು. ಅಪ್ಪ ನನ್ನ ಕಡೆ ಕೈ ತೋರಿಸಿ ‘ಇವ್ನು ಏನೋ ಬರ್ದ’ ಅಂದ. ಔಷಧಿ ಬರೆದುಕೊಟ್ಟಿದ್ದೇನೋ ಎಂದು ಅವರು ನನ್ನನ್ನು ಅನುಮಾನದಿಂದ ನೋಡಿದರು.

ವಾಪಸ್ಸು ಬರುವಾಗ ಕಿಬ್ಬನಹಳ್ಳಿಯಲ್ಲಿ ಇಳಿದು ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದೆವು. ಮಧ್ಯಾಹ್ನ. ಬಸ್ಸು ನಿಲ್ಲುವ ಜಾಗದ ಅಂಗಡಿಯ ಮುಂದಿನ ತಗಡಿನ ಚಪ್ಪರವೇ ಇದ್ದ ನೆರಳು. ನಮ್ಮ ಪಕ್ಕ ಒಬ್ಬ ರೈತ ಬಂದು ಕೂತ, ಅಂಗೈಯಲ್ಲಿ ಹೊಗೆಸೊಪ್ಪು ಹಾಕಿ, ಸುಣ್ಣ ಸೇರಿಸಿ, ಹೆಬ್ಬೆರಳಿನಿಂದ ತಿಕ್ಕತೊಡಗಿದ. ವಾಸನೆ ನನಗೇ ಮೂಗಿಗೆ ಬಂತು. ಅಪ್ಪನ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಚೀಲವಿಲ್ಲದೆ ತಿಂಗಳುಗಳಾಗಿದ್ದವು. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಪಕ್ಕದವನು ಒಳ್ಳೆಯ ಮನುಷ್ಯ, ಅಂಗೈ ಚಾಚಿದ. ‘ತಗಳ್ರಣ್ಣ.’

ಅಪ್ಪ ಎದ್ದು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತ. ನಾನೂ ಹಿಂದೆ ಹೋದೆ. ಅಲ್ಲಿ ಒಂದು ಗಿಡವೂ ಇರಲಿಲ್ಲ.

‘ಅಪ್ಪ, ಬಸ್ಸು ಆ ಕಡೆ ನಿಲ್ಲೋದು.’

‘ನಿಲ್ಲಲಿ ಬುಡು.’

ಬಸ್ಸು ಬಂದು ಆ ಕಡೆಯೇ ನಿಂತಿತು. ತೆಂಗಿನನಾರು ಹೇರಿದ ಲಾರಿಗಳು ಒಂದರ ಹಿಂದೊಂದು ಅಡ್ಡ ಬಂದವು. ಆ ರೈತ ಕಿಟಕಿಯ ಪಕ್ಕ ಕೂತದ್ದು ಕಂಡಿತು. ಬಸ್ಸು ಹೊರಟುಹೋಯಿತು.

‘ಈಗ ದಾಟೋಣ’ ಅಂದೆ. ‘ಅವನು ಹೋದ.’

ಅಪ್ಪ ಆ ಚಪ್ಪರವನ್ನು ನೋಡಿದ. ‘ವಾಸ್ನೆ ಇನ್ನೂ ಅಲ್ಲೇ ಇರ್ತದೆ ಕಣಪ್ಪ. ಒಂದ್ ಗಳಿಗೆ ತಡಿ’ ಅಂದು ಟವಲನ್ನು ತಲೆಯ ಮೇಲೆ ಎಳೆದುಕೊಂಡ. ನಾನು ಅವನ ಪಕ್ಕದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತೆ.