ಆಗಸ್ಟ್‌ಗಾಗಿ ಸಜ್ಜಾದ ದೋಣಿ

ದುಬೈನ ಊದ್ ಮೇಥಾದ ಫ್ಲ್ಯಾಟ್‌ನಿಂದ ನನ್ನನ್ನು ಹೊರಹಾಕಿದ್ದು ಅಕ್ಕನ ಗಂಡ. ಊಟಕ್ಕೆ ಬಂದ ನೆಂಟರೆದುರು, ನಾನು ಮೀನಿನ ಮುಳ್ಳು ಬಿಡಿಸುತ್ತಿದ್ದಾಗ, ತಿಂಗಳ ಕೊನೆಗೆ ರೂಮು ಖಾಲಿಯಾಗಬೇಕು ಎಂದರು. ದೋಣಿಗಳು ತಂಗುವ ಮರೀನಾದಲ್ಲಿ, ಒಳಗೆ ವಾಸಿಸಬಹುದಾದ ಹಳೆಯದೊಂದು ಕಿರಿದಾದ ದೋಣಿ ಕೊಂಡಿದ್ದೇನೆ, ಅಲ್ಲೇ ಇರುತ್ತೇನೆ ಎಂದೆ.

“ಚಳಿಗಾಲದಲ್ಲಿ ಯಾರು ಬೇಕಾದ್ರೂ ಇರ್ತಾರೆ ಮಾರಾಯ. ಆಗಸ್ಟ್‌ನಲ್ಲಿ ನೀನು ಅದರೊಳಗೆ ಬಂಗುಡೆ ಹಾಗೆ ಬೇಯ್ತಿ,” ಎಂದರು ಭಾವ.

ನೆಂಟರು ನಕ್ಕರು. ನಿಜಕ್ಕೂ ನಗದೆ ಇದ್ದಿರಲೂಬಹುದು, ಆದರೆ ನನ್ನ ಸೇಡಿಗೆ ಅವರು ನಕ್ಕರೆಂಬ ನೆನಪೇ ಹೆಚ್ಚು ಉಪಯೋಗಕ್ಕೆ ಬಂತು.

ಅಂದಿನಿಂದ ದೋಣಿಗೆ ಮಾಡಿದ್ದೆಲ್ಲ ಭಾವನಿಗಾಗಿಯೇ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಗೋದಾಮಿನಿಂದ ಶಾಖ ತಡೆಯುವ ಫೋಮ್ ಹಾಳೆ ತಂದು ಛಾವಣಿಯ ಒಳಗೆ ಅಂಟಿಸಿದೆ. ಕಿಟಕಿಗಳಿಗೆ ಕಪ್ಪು ಫಿಲ್ಮ್, ಮೇಲೆ ಬಿಗಿಯಾದ ಕ್ಯಾನ್ವಾಸ್. ದೋಣಿಯ ಹಳೆಯ ಎಸಿ ಸಮುದ್ರದ ನೀರಿನಿಂದ ತಂಪಾಗುವಂಥದ್ದು; ಬೇಸಿಗೆಯಲ್ಲಿ ಆ ನೀರೇ ಬಿಸಿ. ಅದನ್ನು ಕಿತ್ತು, ಮರದ ಬಾಗಿಲು ಕೊರೆದು ಸಾಧಾರಣ ವಿಂಡೋ ಎಸಿ ಕೂರಿಸಿದೆ. ನೋಡಲು ಅಸಹ್ಯ. ಜನವರಿಯ ಮಂಜಿಗೆ ಹಾಸಿಗೆಯ ಅಡಿ ಬೂಸ್ಟು ಹಿಡಿದಾಗ ಅಲ್ಲಿ ಗಾಳಿಯಾಡುವ ಮರದ ಪಟ್ಟಿಗಳನ್ನು ಜೋಡಿಸಿದೆ.

ಆಗಸ್ಟ್‌ನಲ್ಲಿ ಅಕ್ಕನ ಕೈಲಿ ಹೇಳಿಸಿ ಭಾವನನ್ನು ಊಟಕ್ಕೆ ಕರೆಸಿದೆ. ಅಕ್ಕನ ಜೊತೆ ದಡದಿಂದ ನಡೆದು ಬರುವಷ್ಟರಲ್ಲೇ ಭಾವ ಬೆವರಿ ಒದ್ದೆಯಾಗಿದ್ದರು. ಮೊದಲು ಸ್ನಾನ ಮಾಡುತ್ತೇನೆ ಎಂದರು.

ಇಲ್ಲಿ ಬೇಸಿಗೆಯಲ್ಲಿ ಎಲ್ಲರೂ ಗೀಸರ್ ಆಫ್ ಮಾಡಿ, ಮನೆಯೊಳಗೆ ಅದರಲ್ಲಿ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದಲೇ ಹಿಡಿಯುತ್ತಾರೆ. ತಣ್ಣೀರಿನ ನಲ್ಲಿಯಲ್ಲಿ ತಾರಸಿ ಟ್ಯಾಂಕಿನ, ಬಿಸಿಲಿಗೆ ಕಾದ ನೀರು ಬರುತ್ತದೆ. ನನ್ನ ಟ್ಯಾಂಕು ದೋಣಿಯ ಹಲಗೆಗಳಡಿ, ನೆರಳಲ್ಲಿದೆ; ಪಾತ್ರೆ ತೊಳೆಯಲು ಗೀಸರ್ ಆನ್ ಇತ್ತು. ವರ್ಷಗಟ್ಟಲೆಯ ಅಭ್ಯಾಸ, ಭಾವನ ಕೈ ಕೆಂಪು ಗುರುತಿನ ನಲ್ಲಿಗೇ ಹೋಯಿತು. ಒಳಗಿಂದ ಕೂಗು ಕೇಳಿತು. ಹೀಗಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಬರೆಯಲು ಆಸೆ. ನೆನಪು ನನ್ನನ್ನು ನಿಜಕ್ಕಿಂತ ಜಾಣನನ್ನಾಗಿ ಮಾಡುತ್ತದೆ. ಸಂತೋಷವಾದದ್ದು ಮಾತ್ರ ನಿಜ.

ಕೆಂಪಗಾದ ಭುಜ ಒರೆಸುತ್ತ ಬಂದು ಎಸಿಯ ಎದುರು ಕೂತರು. ಅಕ್ಕ ಮೀನಿನ ಸಾರು ಬಡಿಸಿದಳು. ಭಾವ ಗೋಡೆ ತಟ್ಟಿ ನೋಡಿದರು, ಛಾವಣಿ ನೋಡಿದರು, ಎರಡನೇ ಸಲ ಅನ್ನ ಹಾಕಿಸಿಕೊಂಡರು. ಕೊನೆಗೆ ಕಾಲು ಮೇಲೆತ್ತಿಕೊಂಡು, “ಎಸಿ ಆಫ್ ಮಾಡು ಮಾರಾಯ, ಚಳಿ ಆಗ್ತದೆ” ಎಂದರು.

ಅಷ್ಟು ಸಾಕಿತ್ತು. ಅಕ್ಕನಿಗಾಗಿಯಾದರೂ ಅಲ್ಲಿಗೆ ನಿಲ್ಲಿಸಬೇಕಿತ್ತೇನೋ.

“ದಡದಲ್ಲಿ ಬೆಚ್ಚಗುಂಟಲ್ಲ ಭಾವ,” ಎಂದೆ. “ಅಲ್ಲಿಗೆ ಹೋಗಿ.”

ಅಕ್ಕ ಸೌಟು ಕೆಳಗಿಟ್ಟಳು. ಭಾವ ಕೈ ತೊಳೆದು, ಚಪ್ಪಲಿ ಹುಡುಕತೊಡಗಿದರು. ಅದು ನನ್ನ ಕಾಲ ಹಿಂದೆಯೇ ಇತ್ತು. ನಾನು ಕಾಲು ಸರಿಸಲಿಲ್ಲ.