ಉತ್ತರವಿಲ್ಲದೆಯೂ ಒಪ್ಪದ ಥಾಮಸಿನ್

ಸಫೋಕ್ ಸೀಮೆಯ ನಮ್ಮೂರಿನಲ್ಲಿ ಥಾಮಸಿನ್ ನನ್ನ ಪಕ್ಕದ ಮನೆಯ ನೇಕಾರಳು, ಮಕ್ಕಳಿಲ್ಲದ ವಿಧವೆ. ಮೇರಿ ರಾಣಿ ಪಟ್ಟಕ್ಕೆ ಬಂದು ರೊಟ್ಟಿ ಕ್ರಿಸ್ತನ ದೇಹವೇ ಆಗುತ್ತದೆನ್ನುವ ಹಳೆಯ ಕ್ಯಾಥೊಲಿಕ್ ಬಲಿಪೂಜೆಯನ್ನು ಮರಳಿ ತಂದ ಮೇಲೆ, ಪಾದ್ರಿ ಆಂಬ್ರೋಸ್ ರೊಟ್ಟಿಯನ್ನು ಮೇಲೆತ್ತಿದಾಗ ಊರೆಲ್ಲ ಮಂಡಿಯೂರುತ್ತಿತ್ತು. ನಾನೂ ಊರುತ್ತಿದ್ದೆ. ಥಾಮಸಿನ್ ಊರಲಿಲ್ಲ. ಯಾರೋ ದೂರಿತ್ತರು.

ಬಿಷಪ್ಪರ ಅಧಿಕಾರಿಯೊಬ್ಬ ಚರ್ಚಿನಲ್ಲೇ ವಿಚಾರಣೆಗೆ ಕೂತ. ಪಾದ್ರಿ ಮಂತ್ರಿಸಿದ ಮೇಲೆ ಅವರ ಕೈಯಲ್ಲಿರುವುದು ಏನು ಎಂದು ಥಾಮಸಿನ್‌ಳನ್ನು ಕೇಳಿದ. ರೊಟ್ಟಿ ಎಂದಳು. ‘ಇದು ನನ್ನ ದೇಹ’ ಎಂದು ಕ್ರಿಸ್ತನೇ ಹೇಳಿಲ್ಲವೇ ಎಂದು ಗದರಿದ.

"‘ನಾನೇ ಬಾಗಿಲು’ ಅಂತಾನೂ ಅಂದಿದಾನೆ ಸ್ವಾಮಿ. ಅವನಿಗೇನು ಚಿಲಕ ಇತ್ತಾ?"

ಹಿಂದಿದ್ದವರು ನಕ್ಕರು. ಆಂಬ್ರೋಸ್ ನಗಲಿಲ್ಲ, ಮನಸಾರೆ ನಂಬಿದ್ದ ಮನುಷ್ಯ.

"ಬಾಗಿಲು ಅಂದಾಗ ಯಾರೂ ಎದ್ದು ಹೋಗಲಿಲ್ಲ ಕಣಮ್ಮ. ನನ್ನ ಮಾಂಸ ತಿನ್ನಿ ಅಂದಾಗ ಎಷ್ಟೋ ಶಿಷ್ಯರು ಬಿಟ್ಟುಹೋದ್ರು. ಬರೀ ಹೋಲಿಕೆಗೆ ಅಂದೆ ಅಂತ ಕ್ರಿಸ್ತ ಯಾಕೆ ಅವರನ್ನ ವಾಪಸ್ ಕರೀಲಿಲ್ಲ?"

ಥಾಮಸಿನ್ ಆಂಬ್ರೋಸರತ್ತ ತಿರುಗಿದಳು. "ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಫಾದರ್. ಆದ್ರೆ ನಂಬದೇ ಇರೋದನ್ನ ನಂಬ್ತೀನಿ ಅಂತ ಹೇಳಲ್ಲ."

ಸುಡಬೇಕೆಂದು ತೀರ್ಪಾಯಿತು. ಹನ್ನೊಂದು ವಾರ ಸೆರೆಯಲ್ಲಿದ್ದಳು. ಆಂಬ್ರೋಸ್ ವಾರವಾರವೂ ಚೀಸು, ಕಂಬಳಿ ಹೊತ್ತು ನಡೆದುಹೋಗಿ ಒಪ್ಪಿಕೋ ಎಂದು ಬೇಡಿದರು. ಅವಳು ಚೀಸು ತೆಗೆದುಕೊಂಡಳು, ಮಾತು ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ರಾಣಿ ತೀರಿಕೊಂಡಳು; ಸೆರೆಯಲ್ಲಿದ್ದವರನ್ನು ಬಿಟ್ಟರು.

ಹೊಸ ರಾಣಿಯ ಕಾಲದಲ್ಲಿ ಬಲಿಪೂಜೆಯೇ ಅಪರಾಧವಾಯಿತು. ರಾಣಿಯೇ ಚರ್ಚಿನ ಒಡತಿ ಎಂಬ ಹೊಸ ಪ್ರಮಾಣಕ್ಕೆ ಒಲ್ಲೆನೆಂದ ಆಂಬ್ರೋಸರನ್ನು ಚರ್ಚಿನ ಮನೆಯಿಂದ ಹೊರಹಾಕಿದರು. ಜನ ಗೇಲಿ ಮಾಡುತ್ತಿದ್ದಾಗ ಥಾಮಸಿನ್ ಕೈಗಾಡಿ ತಳ್ಳಿಕೊಂಡು ಬಂದಳು.

"ಮಗ್ಗದ ಕೋಣೇಲಿ ಜಾಗ ಇದೆ, ಬನ್ನಿ. ನಮ್ಮ ವಾದ ಇನ್ನೂ ಮುಗಿದಿಲ್ಲ."

ನಾಲ್ಕು ವರ್ಷ ವಾದಿಸಿದರು. ಗೋಡೆಯಾಚೆಯಿಂದ ನನಗೆಲ್ಲ ಕೇಳಿಸುತ್ತಿತ್ತು. ಇಬ್ಬರೂ ಕೂದಲೆಳೆಯಷ್ಟೂ ಸರಿಯಲಿಲ್ಲ.

ಐದನೆಯ ಚಳಿಗಾಲ ಆಂಬ್ರೋಸ್ ಹಾಸಿಗೆ ಹಿಡಿದರು. ಸಾಯುವ ಮುನ್ನ ಹಳೆಯ ಪದ್ಧತಿಯ ಪಾದ್ರಿಯಿಂದ ಮಂತ್ರಿಸಿದ ರೊಟ್ಟಿಯ ಪ್ರಸಾದ ಬೇಕೆಂದರು. ಥಾಮಸಿನ್ ಒಂಬತ್ತು ಮೈಲಿ ನಡೆದು, ಜಮೀನ್ದಾರನೊಬ್ಬನ ಮನೆಯಲ್ಲಿ ಅಡಗಿದ್ದ ಪಾದ್ರಿಯನ್ನು ಉಣ್ಣೆ ವ್ಯಾಪಾರಿಯ ವೇಷದಲ್ಲಿ ಕರೆತಂದಳು. ಒಳಗೆ ಪೂಜೆ ನಡೆಯುವಾಗ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಮನಸ್ಸು ಬದಲಾಯಿತೇ ಎಂದು ನಾನು ಕೇಳಿದೆ.

"ಇಲ್ಲ. ಆದ್ರೆ ಸಾಯ್ತಿರೋದು ಅವರು, ನಾನಲ್ಲ."

ಮೂರನೆಯ ದಿನ ಆಂಬ್ರೋಸ್ ತೀರಿಕೊಂಡರು. ಚರ್ಚಿನ ಮೇಲ್ವಿಚಾರಕ ಬಂದು, ಬಂದಿದ್ದವರು ಯಾರೆಂದು ಕೇಳಿದ. ಪಾದ್ರಿ ಬಂದಿದ್ದರು, ಹೆಸರು ಮಾತ್ರ ಹೇಳುವುದಿಲ್ಲ ಎಂದಳು. ಹದಿನೈದು ದಿನ ಕೂಡಿಹಾಕಿದರು. ಹೆಸರು ಹೊರಬರಲಿಲ್ಲ.