ನನ್ನೇಸಾಬ ಹಾಕಿದ ತೇಪೆ

ಚನ್ನಗಿರಿಯ ನನ್ನೇಸಾಬ ಮೂವತ್ತು ವರ್ಷದಿಂದ ಟೈರು ಕೆಲಸ ಮಾಡುತ್ತಿದ್ದಾರೆ. ಅವರ ಅಂಗಡಿಗೆ ಹೆಚ್ಚಾಗಿ ಬರುವುದು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೈಲರಿನ ಚಕ್ರಗಳು. ಲಾರಿಯಿಂದ ಬಿಚ್ಚಿದ ಸವೆದ ಟೈರೇ ಟ್ರೈಲರಿಗೆ ಸಾಕು ಎಂದು ತಿಳಿದವರು ಬಹಳ.

ಹೋದ ವರ್ಷ ಬೇಸಿಗೆ ಭತ್ತದ ನಾಟಿ ಶುರುವಾಗುವ ಹೊತ್ತಿಗೆ ಉಬ್ರಾಣಿಯ ಬೆನಕಪ್ಪ ಒಂದು ಟೈರು ತಂದರು. ಅದರ ಪಕ್ಕೆ ಅಂಗೈ ಉದ್ದ ಸೀಳಿತ್ತು.

“ಇದರ ಕತೆ ಮುಗಿದೈತೆ, ಬೇರೆ ಹಾಕ್ರಿ,” ಎಂದರು ನನ್ನೇಸಾಬ.

“ನಾಲ್ಕು ದಿನ ಗೊಬ್ಬರ ಹೊಡಿಯಾಕೆ ಅಷ್ಟೇ ಸಾಬ್ರೇ. ಒಳಗೊಂದು ತೇಪೆ ಹಾಕಿಕೊಡ್ರಿ.”

ನನ್ನೇಸಾಬ ಹಳೆಯ ಟೈರಿನ ತುಂಡು ಕತ್ತರಿಸಿ ಸೀಳಿನ ಒಳಗಿಟ್ಟು, ಟ್ಯೂಬು ಸೇರಿಸಿ ಗಾಳಿ ತುಂಬಿದರು. ಟ್ರೈಲರಿನಲ್ಲಿ ಜನ ಕೂರುತ್ತಾರೆಯೇ ಎಂದು ಕೇಳಬೇಕೆನಿಸಿತು. ಹೊರಗೆ ಇನ್ನೂ ಮೂರು ಗಾಡಿ ಕಾಯುತ್ತಿದ್ದವು. ಕೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅದೇ ಟ್ರೈಲರಿನಲ್ಲಿ ಹನ್ನೊಂದು ಹೆಂಗಸರು ಸೂಳೆಕೆರೆ ಕೆಳಗಿನ ಗದ್ದೆಗೆ ನಾಟಿಗೆ ಹೊರಟರು. ಇಳಿಜಾರಿನಲ್ಲಿ ಟೈರು ಸಿಡಿದು ಟ್ರೈಲರು ಕಾಲುವೆಯ ಕಡೆ ಮಗುಚಿತು. ಯಾರೂ ಸಾಯಲಿಲ್ಲ. ಆ ಹೆಂಗಸರನ್ನು ಕೂಡಿಸಿ ಕೂಲಿಗೆ ಕರೆದೊಯ್ಯುತ್ತಿದ್ದ ನಿರ್ಮಲಮ್ಮನವರ ಎಡಗಾಲು ಎರಡು ಕಡೆ ಮುರಿಯಿತು.

ಟ್ರ್ಯಾಕ್ಟರು ಓಡಿಸುತ್ತಿದ್ದವನ ಮೇಲೆ ಕೇಸಾಯಿತು. ನನ್ನೇಸಾಬರ ಹೆಸರು ಎಲ್ಲೂ ಬರಲಿಲ್ಲ. ಒಂದು ವಾರ ಕಳೆದ ಮೇಲೆ ಅವರು ಉಬ್ರಾಣಿ ಬಸ್ಸಿಗೆ ಹೊರಟು ನಿಂತರು.

“ಯಾರೂ ಕೇಳ್ದೆ ನೀವ್ಯಾಕೆ ಹೋಗ್ತೀರಿ?” ಎಂದರು ಹೆಂಡತಿ ಸೈದಾಬೀ.

“ಯಾರೂ ಕೇಳ್ತಿಲ್ಲಲ್ಲ, ಅದಕ್ಕೇ.”

ನಿರ್ಮಲಮ್ಮ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದರು. ನನ್ನೇಸಾಬ ಬಾಗಿಲಲ್ಲೇ ನಿಂತು ಹೇಳಿದರು: “ಆ ತೇಪೆ ನಾನು ಹಾಕಿದ್ದಮ್ಮ. ಬಾಳಿಕೆ ಬರಲ್ಲ ಅಂತ ಗೊತ್ತಿತ್ತು.”

ಬೈಗುಳಕ್ಕೆ ಅವರು ತಯಾರಾಗಿ ಬಂದಿದ್ದರು. ನಿರ್ಮಲಮ್ಮ ಮಂಚದ ಮೇಲೆ ಎದ್ದು ಕೂತರು.

“ನಿಮಗೆ ಗೊತ್ತಿತ್ತು. ಹತ್ತಿ ಕೂತೋರಿಗೆ ಗೊತ್ತಿರಲಿಲ್ಲ. ಟೈರು ಹೆಂಗೆ ನೋಡಾದು ಅಂತ ನಮಗೂ ಹೇಳಿಕೊಡ್ರಿ.”

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೋಲೂರಿಕೊಂಡು, ಜೊತೆಗೆ ಸಾವಂತ್ರಮ್ಮ ಎಂಬ ಗೆಳತಿಯನ್ನು ಕರೆದುಕೊಂಡು ಅವರು ಅಂಗಡಿಗೆ ಬಂದರು. ನನ್ನೇಸಾಬ ಅಂಗಳದಲ್ಲಿ ಆರು ಟೈರು ಸಾಲಾಗಿಟ್ಟಿದ್ದರು. ಪಕ್ಕೆಯ ಬಿರುಕು, ಗಂಟಿನಂತೆ ಉಬ್ಬಿದ ಜಾಗ, ರಬ್ಬರು ಸವೆದು ಇಣುಕುವ ನೂಲು, ಎಲ್ಲದರ ಮೇಲೂ ಬೆರಳಾಡಿಸಿ ತೋರಿಸಿದರು. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ಅದು ವರ್ಷದ ಎಷ್ಟನೇ ವಾರ ತಯಾರಾಯಿತೆಂಬುದು, ಕೊನೆಯೆರಡು ಇಸವಿ ಎಂದೂ ಹೇಳಿದರು.

“ಇದು ನನ್ನ ಮಗಳ ಮದುವೆಗಿಂತ ಹಳೇದು!” ಎಂದರು ಸಾವಂತ್ರಮ್ಮ.

ಮುಂಗಾರು ನಾಟಿಯ ಮೊದಲ ದಿನ ಬೆನಕಪ್ಪನವರ ಟ್ರೈಲರು ಬಂದಾಗ ಹೆಂಗಸರು ಹತ್ತಲಿಲ್ಲ. ನಿರ್ಮಲಮ್ಮ ಚಕ್ರದ ಸುತ್ತ ಕುಂಟುತ್ತಾ ನೋಡಿ, “ಬಲಗಡೇದು ಉಬ್ಬೈತೆ. ನಾವು ಬರಲ್ಲ,” ಎಂದರು.

“ಟೈರು ನೋಡಾಕೆ ನೀವ್ಯಾರ್ರೀ?” ಬೆನಕಪ್ಪ ಕೂಗಾಡಿದರು. ಹೆಂಗಸರು ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಅತ್ತ ಬೆನಕಪ್ಪನವರ ಗದ್ದೆಯಲ್ಲಿ ಕಿತ್ತಿಟ್ಟ ಸಸಿ ಬಾಡತೊಡಗಿತ್ತು. ಮಧ್ಯಾಹ್ನದ ಹೊತ್ತಿಗೆ ಎರಡು ಹೊಸ ಟೈರು ಬಂದವು.

ಅವನ್ನು ಬೆನಕಪ್ಪ ಬೇರೆ ಅಂಗಡಿಯಲ್ಲಿ ಹಾಕಿಸಿದ್ದರು. ನನ್ನೇಸಾಬರೊಂದಿಗೆ ಅವರು ಈಗ ಮಾತಾಡುವುದಿಲ್ಲ. ಜನ ಹತ್ತುವ ಟ್ರೈಲರಿಗೆ ತೇಪೆ ಹಾಕುವುದನ್ನು ನನ್ನೇಸಾಬ ನಿಲ್ಲಿಸಿದ ಮೇಲೆ ಇನ್ನೂ ಕೆಲವರು ದೂರವಾಗಿದ್ದಾರೆ. ನಿರ್ಮಲಮ್ಮನವರ ಮಂಡಿ ಪೂರ್ತಿ ಮಡಚುವುದಿಲ್ಲ. ಗದ್ದೆಗೆ ಇಳಿಯಲಾರದೆ ಬದುವಿನ ಮೇಲೆ ಕೂತು ಸಸಿಯ ಕಟ್ಟು ಕಟ್ಟಿಕೊಡುತ್ತಾರೆ.